ಟ್ರ್ಯಾಕ್‌ಗೆ ಹೊರಟ ಕಾರಿಗೆ ಎಂಥ ಬ್ರೇಕ್?

ಪ್ರಶ್ನೆ: ದಿನಾ ಓಡಿಸುವ ಸ್ವಿಫ್ಟನ್ನೇ ಟ್ರ್ಯಾಕ್ ಡೇಗೆಂದು ಶ್ರೀಪೆರಂಬದೂರು ಬಳಿಯ ಮದ್ರಾಸ್ ಸರ್ಕ್ಯೂಟ್‌ಗೆ ಒಯ್ಯುವ ಆಸೆ. ದೊಡ್ಡ ಡಿಸ್ಕ್, ಕ್ಯಾಲಿಪರ್ ಹಾಕಿಸಲೇ?

ಉತ್ತರ: ಈಗಲೇ ಬೇಡ. ನಿಮ್ಮ ಬ್ರೇಕಿಗೆ ಈಗಲೂ ಎಬಿಎಸ್ ಕೆಲಸ ಶುರುಮಾಡುವಷ್ಟು ಬಲವಿದೆ. ಅದರಾಚೆ ಕಾರು ನಿಲ್ಲಿಸುವುದು ಟೈರಿನ ಹಿಡಿತ. ಟ್ರ್ಯಾಕಿನಲ್ಲಿ ಕಾಡುವುದು ಶಾಖ. ತಿರುವು ತಿರುವಿಗೂ ಬ್ರೇಕ್ ಒತ್ತುತ್ತಿದ್ದರೆ ಡಿಸ್ಕಿಗೆ ಆರಲು ಪುರಸೊತ್ತೇ ಇಲ್ಲ.

ಹಾಗಾಗಿ ಮೊದಲು ಬ್ರೇಕ್ ಆಯಿಲ್ ಬದಲಿಸಿ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಮಾನದಂಡದ ಪ್ರಕಾರ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ ಮೇಲೆ ಕನಿಷ್ಠ 155 ಇದ್ದರೆ ಸಾಕು. ಎಷ್ಟು ಇಳಿಕೆ ನೋಡಿ! ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ಒತ್ತಿದ ಬಲವೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಹೋಗಿ, ಪೆಡಲ್ ಮೆತ್ತಗೆ ನೆಲಕ್ಕೆ ಇಳಿಯುತ್ತದೆ.

ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಸೋತದ್ದು ಪ್ಯಾಡ್. ರಸ್ತೆಗೂ ಟ್ರ್ಯಾಕಿಗೂ ಒಗ್ಗುವ ಪ್ಯಾಡನ್ನೇ ಕೇಳಿ ಹಾಕಿಸಿ. ಅಪ್ಪಟ ರೇಸ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಮನೆಯಿಂದ ಹೊರಟು ಮೊದಲ ಸಿಗ್ನಲ್‌ನಲ್ಲೇ ಅಪಾಯ. ತೂತು ಕೊರೆದ ಡಿಸ್ಕ್ ಚೆಂದ ಕಂಡೀತು, ಆದರೆ ವಿಪರೀತ ಕಾದರೆ ತೂತಿನ ಅಂಚಿನಿಂದಲೇ ಬಿರುಕು ಬಿಡುವುದುಂಟು. ಸಾದಾ ಡಿಸ್ಕೇ ಇರಲಿ.

ಉಳಿದ ದುಡ್ಡಲ್ಲಿ ಒಳ್ಳೆಯ ಟೈರ್ ಕೊಳ್ಳಿ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಓಡಿಸಿ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ.