ಮುನ್ನೂರಿಪ್ಪತ್ತೈದರಲ್ಲಿ ಒಂದು

ಯಾದಗಿರಿ, ಶಹಾಪುರ, ಸುರಪುರ. ಈ ಮೂರು ಹಳೆಯ ತಾಲ್ಲೂಕುಗಳನ್ನು ಕೂಡಿಸಿದರೆ ಯಾದಗಿರಿ ಜಿಲ್ಲೆ. ವಿಸ್ತೀರ್ಣ 5,234 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 11 ಲಕ್ಷದ 74 ಸಾವಿರ. ಇಷ್ಟು ಮಂದಿಗೆ ಶಾಸಕರು ನಾಲ್ಕೇ ನಾಲ್ಕು. ಸಂಸದರ ವಿಷಯಕ್ಕೆ ಬಂದರೆ ಜಿಲ್ಲೆಗೆ ಪೂರ್ತಿ ಒಬ್ಬರೂ ಇಲ್ಲ. ಯಾದಗಿರಿ, ಶಹಾಪುರ, ಸುರಪುರ ವಿಧಾನಸಭಾ ಕ್ಷೇತ್ರಗಳು ರಾಯಚೂರು ಲೋಕಸಭೆಗೆ ಸೇರಿದರೆ ಗುರುಮಠಕಲ್ ಕಲಬುರಗಿಗೆ ಸೇರಿದೆ.

ಈಗ ಗ್ರಾಮ ಪಂಚಾಯತಿಗೆ ಇಳಿಯಿರಿ. ಕಾಯ್ದೆಯ ಪ್ರಕಾರ 400 ಜನಕ್ಕೆ ಒಬ್ಬ ಸದಸ್ಯ. ಜಿಲ್ಲೆಯ ಹಳ್ಳಿಗಳಲ್ಲಿರುವವರು ಒಂಬತ್ತೂವರೆ ಲಕ್ಷ. ಭಾಗಿಸಿ ನೋಡಿ, 2,300 ದಾಟುತ್ತದೆ! ಇಡೀ ಕರ್ನಾಟಕದ ವಿಧಾನಸಭೆಯಲ್ಲಿ ಇರುವವರು 224 ಮಂದಿ. ಅಂದರೆ ಈ ಒಂದೇ ಜಿಲ್ಲೆಯ ಪಂಚಾಯತಿ ಮೆಂಬರುಗಳು ಹತ್ತು ವಿಧಾನಸಭೆಗಳನ್ನು ತುಂಬಿ ಇನ್ನೂ ಬಾಗಿಲಲ್ಲಿ ನಿಂತಿರುತ್ತಾರೆ. ನೆಲದ ಲೆಕ್ಕ ಹಿಡಿದರೆ ಎರಡೂಕಾಲು ಚದರ ಕಿಲೋಮೀಟರಿಗೆ ಒಬ್ಬ ಜನಪ್ರತಿನಿಧಿ. ಯಾವ ಹೊಲದ ಬದುವಿನ ಮೇಲೆ ನಿಂತು ‘ಮೆಂಬರ್ರೇ’ ಎಂದು ಕೂಗಿದರೂ ಒಬ್ಬರಾದರೂ ‘ಓ’ ಅನ್ನಬೇಕು.

ಇದು ಜಿಲ್ಲೆಯ ಮಾತು. ರಾಜ್ಯಕ್ಕೆ ಬಂದರೆ ತಲೆ ತಿರುಗುತ್ತದೆ. ಕೊರೊನಾ ಕಾಲದಲ್ಲೇ, 2020ರ ಡಿಸೆಂಬರ್ 22 ಮತ್ತು 27ರಂದು, 5,728 ಗ್ರಾಮ ಪಂಚಾಯತಿಗಳಿಗೆ ಮತದಾನ ನಡೆಯಿತು. ಸ್ಥಾನಗಳು 91 ಸಾವಿರಕ್ಕೂ ಹೆಚ್ಚು. ಮತದಾರರು 2 ಕೋಟಿ 96 ಲಕ್ಷ. ಅಂತಿಮವಾಗಿ ಕಣದಲ್ಲಿ ಉಳಿದ ಅಭ್ಯರ್ಥಿಗಳು 2,22,814! ಪಕ್ಷದ ಚಿಹ್ನೆ ಇಲ್ಲ, ಪಕ್ಷದ ಟಿಕೆಟ್ ಇಲ್ಲ, ಆದರೂ ಇಷ್ಟು ಮಂದಿ. ಇವರನ್ನೆಲ್ಲ ಮೀಟರಿಗೆ ಒಬ್ಬರಂತೆ ಸಾಲಾಗಿ ನಿಲ್ಲಿಸಿದರೆ ಸಾಲು 222 ಕಿಲೋಮೀಟರ್ ಉದ್ದವಾಗುತ್ತದೆ. ಯಾದಗಿರಿ ಜಿಲ್ಲೆಯವರಿಗೆ ಉದ್ದ ಎಂದರೆ ನೆನಪಾಗುವುದು ಕೃಷ್ಣೆಗೆ ಅಡ್ಡಲಾಗಿ ಮಲಗಿರುವ ನಾರಾಯಣಪುರದ ಬಸವಸಾಗರ; ಅದರ ಉದ್ದ ಹತ್ತೂವರೆ ಕಿಲೋಮೀಟರಿಗೂ ಹೆಚ್ಚು. ಅಂಥ 21 ಅಣೆಕಟ್ಟೆಗಳನ್ನು ಒಂದರ ತುದಿಗೆ ಒಂದು ಇಟ್ಟರೆ ಅಭ್ಯರ್ಥಿಗಳ ಸಾಲಿಗೆ ಸರಿಹೋದೀತು.

ಹೆಸರು ಓದುವ ಕೆಲಸ ಯಾರಿಗಾದರೂ ಕೊಟ್ಟು ನೋಡಿ. ಒಂದು ಹೆಸರಿಗೆ ಮೂರು ಸೆಕೆಂಡು. ನೀರು ಕುಡಿಯುವಂತಿಲ್ಲ, ನಿದ್ದೆ ಮಾಡುವಂತಿಲ್ಲ. ಸೋಮವಾರ ಬೆಳಗ್ಗೆ ಆರಕ್ಕೆ ಶುರು ಮಾಡಿದರೆ ಮುಗಿಯುವಾಗ ಮುಂದಿನ ಸೋಮವಾರ ರಾತ್ರಿ ಹನ್ನೊಂದೂವರೆ ಮೀರಿರುತ್ತದೆ. ಇದು ಸ್ಪರ್ಧಿಗಳ ಹೆಸರು ಮಾತ್ರ, ಸೂಚಕರ ಹೆಸರಿಲ್ಲ!

ಬೀದರ್ ಜಿಲ್ಲೆ ಒಂದರಲ್ಲಿ ಮತಯಂತ್ರ ಇಟ್ಟರು. ಉಳಿದೆಡೆಯಲ್ಲೆಲ್ಲ, ಯಾದಗಿರಿಯಲ್ಲೂ, ಕಾಗದದ ಮತಪತ್ರವೇ. ಮತದಾನದ ಪ್ರಮಾಣ ಎರಡೂ ಹಂತಗಳಲ್ಲಿ ನೂರಕ್ಕೆ 80 ದಾಟಿತು. ಅಂದರೆ ಸುಮಾರು 2 ಕೋಟಿ 40 ಲಕ್ಷ ಜನ ಮತಗಟ್ಟೆಗೆ ಬಂದರು. ತಲೆಗೆ ಒಂದೇ ಹಾಳೆ ಎಂದುಕೊಂಡು, ಸಾಮಾನ್ಯ ಕಾಗದದ ದಪ್ಪ ಹಿಡಿದು, ಒಂದರ ಮೇಲೊಂದು ಪೇರಿಸಿದರೆ ರಾಶಿ 2,400 ಮೀಟರ್ ಎತ್ತರ ಏರುತ್ತದೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಮತಪತ್ರದ ಗುಡ್ಡದ ತುದಿಯಲ್ಲಿ ನಿಂತವನು ಮುಳ್ಳಯ್ಯನಗಿರಿಯನ್ನು ಬಗ್ಗಿ ನೋಡಬೇಕು! ಇನ್ನು ಈ 2 ಕೋಟಿ 40 ಲಕ್ಷ ಬೆರಳುಗಳಿಗೆ ಹಚ್ಚಿದ ಶಾಯಿ ಎಷ್ಟು? 10 ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಬೆರಳಿಗೆ ಸಾಕು. ಲೆಕ್ಕ ಹಾಕಿದರೆ 343 ಲೀಟರ್. 200 ಲೀಟರಿನ ಎರಡು ಡ್ರಮ್ಮೂ ತುಂಬದು. ಇಷ್ಟು ದೊಡ್ಡ ವ್ಯವಹಾರದ ಪ್ರಾಮಾಣಿಕತೆಗೆ ಮೈಸೂರಿನಿಂದ ಬಂದ ಎರಡು ಡ್ರಮ್ ಕಾವಲು.

ಆ ಹಾಳೆಗಳನ್ನು ಎಣಿಸಿದ್ದು ಕೈಯಿಂದಲೇ. ಡಿಸೆಂಬರ್ 30ರಂದು ತಾಲ್ಲೂಕು ಕೇಂದ್ರಗಳಲ್ಲಿ ಪೆಟ್ಟಿಗೆ ಮಗುಚಿ, ಮಡಿಕೆ ಬಿಚ್ಚಿ, ಬಾಣದ ಗುರುತಿನ ಮೊಹರು ಯಾವ ಚಿಹ್ನೆಯ ಮೇಲೆ ಬಿದ್ದಿದೆ ಎಂದು ಬೆಳಕಿಗೆ ಹಿಡಿದು ನೋಡಿ, ಕಟ್ಟು ಕಟ್ಟಿದರು. ಮೊಹರಿನ ಹಸಿ ಮಸಿ ಮಡಿಸುವಾಗ ಪಕ್ಕದ ಚಿಹ್ನೆಗೂ ಅಂಟಿಕೊಂಡಿರುತ್ತದೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು? ಏಜೆಂಟರು ಕತ್ತು ಚಾಚುತ್ತಾರೆ, ಅಧಿಕಾರಿ ಹಾಳೆಯನ್ನು ಮತ್ತೆ ಮಡಿಸಿ ತೋರಿಸುತ್ತಾರೆ, ಎರಡು ಗುರುತುಗಳು ಒಂದರ ಮೇಲೊಂದು ಕೂತರೆ ಗಲಾಟೆ ತಣ್ಣಗಾಗುತ್ತದೆ. ಒಂದು ವಾರ್ಡಿಗೆ ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಮತ. ಹಾಗಾಗಿ ಎಣಿಕೆ ಹಗಲು ಮುಗಿದರೂ ಮುಗಿಯಲಿಲ್ಲ, ಹಲವು ಕಡೆ ರಾತ್ರಿ ಕಳೆದು ಮರುದಿನಕ್ಕೆ ಹೋಯಿತು.

ಸಾಕ್ಷರತೆಯ ಅಂಕಿ ಇಲ್ಲೇ ಹೇಳಿಬಿಡಬೇಕು. 2011ರಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 51.83, ರಾಜ್ಯದಲ್ಲೇ ಕಡೆಯ ಸ್ಥಾನ. ಇಂಥ ಜನರ ಮತಕ್ಕೆ ಏನು ಬೆಲೆ ಎಂದು ಮೂಗು ಮುರಿಯುವವರಿಗೆ ಇನ್ನೊಂದು ಅಂಕಿ: 2015ರ ಬೆಂಗಳೂರು ಮಹಾನಗರ ಪಾಲಿಕೆ ಚುನಾವಣೆಯಲ್ಲಿ ಮತದಾನ ನೂರಕ್ಕೆ ಐವತ್ತನ್ನೂ ಮುಟ್ಟಲಿಲ್ಲ. ಓದು ಬಲ್ಲ ಊರು ಮನೆಯಲ್ಲಿ ಮಲಗಿತ್ತು.

ದೇಶದ ಮಟ್ಟಕ್ಕೆ ಏರೋಣ. 1993ರ ಏಪ್ರಿಲ್ 24ರಂದು 73ನೇ ತಿದ್ದುಪಡಿ ಜಾರಿಗೆ ಬಂದ ಮೇಲೆ ಬೆಳೆದು ನಿಂತ ಪಂಚಾಯತಿಗಳಲ್ಲಿ ಚುನಾಯಿತರು ಸುಮಾರು 31 ಲಕ್ಷ. ಅವರಲ್ಲಿ ಹೆಣ್ಣುಮಕ್ಕಳೇ 14 ಲಕ್ಷಕ್ಕೂ ಹೆಚ್ಚು. ಯಾದಗಿರಿ ಜಿಲ್ಲೆಯ ಗಂಡು, ಹೆಣ್ಣು, ತೊಟ್ಟಿಲ ಕೂಸು ಎಲ್ಲರನ್ನೂ ಸೇರಿಸಿದರೂ ಈ ಮಹಿಳಾ ಸದಸ್ಯರ ಸಂಖ್ಯೆಗೆ ಸಮನಾಗದು! ನಮ್ಮ ಹೆಸರು ಓದುವವನನ್ನು ಮತ್ತೆ ಕರೆಯಿರಿ. 31 ಲಕ್ಷ ಹೆಸರುಗಳನ್ನು ಅದೇ ವೇಗದಲ್ಲಿ ಓದಲು ಸಂಕ್ರಾಂತಿಯ ದಿನ ಕುಳಿತರೆ ಏಳುವಾಗ ಬಸವ ಜಯಂತಿಯ ಆಸುಪಾಸು.

ಇಲ್ಲಿಯವರೆಗೆ ದೊಡ್ಡ ಸಂಖ್ಯೆಗಳು. ನನ್ನನ್ನು ಬೆರಗುಗೊಳಿಸುವುದು ಮಾತ್ರ ಒಂದು ಸಣ್ಣ ಸಂಖ್ಯೆ. 2 ಕೋಟಿ 96 ಲಕ್ಷ ಮತದಾರರನ್ನು 91 ಸಾವಿರ ಸ್ಥಾನಗಳಿಗೆ ಹಂಚಿ: ಒಂದು ಸ್ಥಾನಕ್ಕೆ 325 ಮತದಾರರು. 2024ರ ಲೋಕಸಭಾ ಚುನಾವಣೆಯಲ್ಲಿ ದೇಶದ ಸುಮಾರು 97 ಕೋಟಿ ಮತದಾರರನ್ನು 543 ಸ್ಥಾನಗಳಿಗೆ ಹಂಚಿದರೆ ಒಂದಕ್ಕೆ ಹೆಚ್ಚುಕಡಿಮೆ 17 ಲಕ್ಷ 85 ಸಾವಿರ. ಅಂದರೆ ಪಂಚಾಯತಿಯ ಒಂದು ಮತದ ತೂಕ ಲೋಕಸಭೆಯ ಸುಮಾರು 5,500 ಮತಗಳಷ್ಟು! ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಫ್ಲಾರಿಡಾದ 537 ಮತಗಳ ಅಂತರ ಅಧ್ಯಕ್ಷರನ್ನೇ ನಿರ್ಧರಿಸಿತು ಎಂದು ಜಗತ್ತು ಇಂದಿಗೂ ಬಾಯಿ ಬಿಡುತ್ತದೆ. ನಮ್ಮ ಹಳ್ಳಿಯ ಒಂದು ಸ್ಥಾನಕ್ಕೆ 537 ಮತದಾರರೇ ಇಲ್ಲ. 2004ರಲ್ಲಿ ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರದ ಫಲಿತಾಂಶ ಒಂದೇ ಮತದಲ್ಲಿ ತೀರ್ಮಾನವಾದದ್ದನ್ನು ಇಪ್ಪತ್ತು ವರ್ಷದ ಮೇಲೂ ನೆನೆಯುತ್ತೇವೆ. ಪಂಚಾಯತಿಯಲ್ಲಿ ಒಂದು ಮತದ ಗೆಲುವು, ಸಮ ಬಂದು ಚೀಟಿ ಎತ್ತುವುದು ಪತ್ರಿಕೆಯ ಒಳಪುಟದ ಸುದ್ದಿ.

ಈ ತೂಕ ಗೊತ್ತಿರುವುದರಿಂದಲೇ ಗುಳೆ ಹೋದವರಿಗೆ ಫೋನು ಬರುತ್ತದೆ. ಬೆಂಗಳೂರಿನ ಕಟ್ಟಡಗಳ ಶೆಡ್ಡುಗಳಿಂದ ಸುರಪುರದ ಕಡೆಗೆ, ಶಹಾಪುರದ ಕಡೆಗೆ ಗಾಡಿ ಹೊರಡುತ್ತವೆ. ಯಾದಗಿರಿ ಸೀಮೆಗೆ ಹತ್ತಿರ ಹತ್ತಿರ 500 ಕಿಲೋಮೀಟರ್. ಹೋಗಿ ಬಂದರೆ 1,000. ಹೀಗೆ 40 ಜನ ಮತ ಹಾಕಿ ಹಿಂದಿರುಗಿದರೆ ಅವರ ಪ್ರಯಾಣದ ಮೊತ್ತ ಭೂಮಿಗೆ ಒಂದು ಪೂರ್ತಿ ಸುತ್ತು. 384 ಜನ ಬಂದು ಹೋದರೆ ಚಂದ್ರನನ್ನು ಮುಟ್ಟಿದಂತೆ. ಒಂದು ಮೊಹರು ಒತ್ತಲು! ಗಾಡಿ ಬಾಡಿಗೆ ಯಾರು ಕೊಟ್ಟರು ಎಂಬ ಪ್ರಶ್ನೆ ಬೇರೆ; ಅದನ್ನು ಕೇಳಲೇಬೇಕು, ಆದರೆ ಉತ್ತರ ಯಾವ ರಿಜಿಸ್ಟರಿನಲ್ಲೂ ಸಿಗುವುದಿಲ್ಲ.

325 ಎಂಬ ಸಂಖ್ಯೆಗೆ ಇನ್ನೊಂದು ಮುಖವಿದೆ. 17 ಲಕ್ಷ ಮಂದಿಯನ್ನು ಕೊಳ್ಳುವುದು ಕಷ್ಟ, 325 ಮಂದಿಯ ಪರವಾಗಿ ಊರಿನ ಹತ್ತು ಹಿರಿಯರು ಕೂತು ಮಾತು ಮುಗಿಸುವುದು ಸುಲಭ. 2020ರ ಡಿಸೆಂಬರಿನಲ್ಲಿ ಕಲಬುರಗಿ, ಬಳ್ಳಾರಿ ಜಿಲ್ಲೆಗಳಿಂದ ಪಂಚಾಯತಿ ಸ್ಥಾನಗಳ ಹರಾಜಿನ ಸುದ್ದಿ ಬಂತು. ಬಳ್ಳಾರಿ ಜಿಲ್ಲೆಯ ಒಂದು ಊರಿನಲ್ಲಿ ಸ್ಥಾನಗಳ ಒಟ್ಟು ಸವಾಲು 51 ಲಕ್ಷ ದಾಟಿತೆಂದು ಪತ್ರಿಕೆಗಳು ಬರೆದವು. ಹಣ ಗುಡಿಗೆ ಎಂಬುದು ಇಂಥ ಕಡೆ ಹೇಳುವ ಮಾತು. ರಾಜ್ಯ ಚುನಾವಣಾ ಆಯೋಗ ಕ್ರಿಮಿನಲ್ ಮೊಕದ್ದಮೆಯ ಎಚ್ಚರಿಕೆ ಕೊಟ್ಟಿತು. ಈಗ ಈ ವ್ಯಾಪಾರದ ಲಾಭ ನಷ್ಟ ನೋಡೋಣ. ಆಗ ಸದಸ್ಯನ ಗೌರವಧನ ತಿಂಗಳಿಗೆ 1,000 ರೂಪಾಯಿ. ಐದು ವರ್ಷ, 60 ತಿಂಗಳು, 60 ಸಾವಿರ. ಒಬ್ಬಾತ 5 ಲಕ್ಷಕ್ಕೆ ಸ್ಥಾನ ಹಿಡಿದನೆನ್ನಿ. ಗೌರವಧನದಿಂದಲೇ ಅಸಲು ಎತ್ತಬೇಕಾದರೆ 500 ತಿಂಗಳು ಬೇಕು, ಅಂದರೆ 41 ವರ್ಷ 8 ತಿಂಗಳು. ಸತತ ಎಂಟು ಸಲ ಗೆದ್ದರೂ ಇನ್ನೂ 20 ತಿಂಗಳ ಬಾಕಿ! ಬಡ್ಡಿ ಸೇರಿಸಿಲ್ಲ. ಇಷ್ಟು ಕೆಟ್ಟ ವ್ಯಾಪಾರಕ್ಕೆ ಜನ ಮುಗಿಬೀಳುತ್ತಾರೆ ಎಂದರೆ ಆದಾಯ ಗೌರವಧನದ್ದಲ್ಲ ಎಂದು ತಿಳಿಯಲು ಕೂಡುವ ಕಳೆಯುವ ಗಣಿತ ಸಾಕು.

ಆ ಚುನಾವಣೆಯಲ್ಲಿ ಅವಿರೋಧವಾಗಿ ಆಯ್ಕೆಯಾದವರು 8,074. ಎಲ್ಲವೂ ಹರಾಜಲ್ಲ, ನಿಜವಾದ ಒಮ್ಮತವೂ ಇರುತ್ತದೆ, ಮೀಸಲು ಸ್ಥಾನಕ್ಕೆ ಒಬ್ಬರೇ ಸಿಗುವುದೂ ಇರುತ್ತದೆ. ಆದರೂ 8,074ನ್ನು 325ರಿಂದ ಗುಣಿಸಿದರೆ 26 ಲಕ್ಷ ಮೀರುತ್ತದೆ. ಎರಡು ಯಾದಗಿರಿ ಜಿಲ್ಲೆಗಳ ಜನಸಂಖ್ಯೆಗಿಂತ ಹೆಚ್ಚು ಮಂದಿಯ ಪಾಲಿನ ಸ್ಥಾನ, ಪೆಟ್ಟಿಗೆ ತೆರೆಯದೆಯೇ ತುಂಬಿತು.

ಹಣಕ್ಕಿಂತ ದೊಡ್ಡ ವಿಸ್ಮಯ ಕಾಲದ್ದು. 2018ರ ಆಗಸ್ಟ್ 31ರಂದು ರಾಜ್ಯದ 105 ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ಆಯಿತು. ಯಾದಗಿರಿ, ಸುರಪುರ ನಗರಸಭೆಗಳೂ ಅದರಲ್ಲಿದ್ದವು. ಸೆಪ್ಟೆಂಬರ್ 3ರಂದು ಗೆದ್ದವರಿಗೆ ಹಾರ ಬಿತ್ತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟ್ ಮೆಟ್ಟಿಲೇರಿತು. ಅಧ್ಯಕ್ಷರ ಆಯ್ಕೆಗೆ ದಾರಿ ಸಿಕ್ಕಿದ್ದು 2020ರ ಕೊನೆಗೆ. ಅಷ್ಟರಲ್ಲಿ ಭೂಮಿ ಸೂರ್ಯನನ್ನು ಎರಡು ಸಲ ಸುತ್ತಿ 188 ಕೋಟಿ ಕಿಲೋಮೀಟರ್ ಸಾಗಿತ್ತು. ಗೆದ್ದವರು ಮನೆಯಿಂದ ನಗರಸಭೆಯ ಕುರ್ಚಿಯವರೆಗೂ ಸಾಗಿರಲಿಲ್ಲ.

ಇದೂ ಸಣ್ಣದೇ. ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷ ತುಂಬುವ ಮುನ್ನ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಆಕ್ಷೇಪಣೆ, ವ್ಯಾಜ್ಯ ಎನ್ನುತ್ತ ನಾಲ್ಕು ವರ್ಷ ದಾಟಿದರೂ ಮತದಾನ ಆಗಲಿಲ್ಲ. ಎರಡೂ ಹಂತ ಸೇರಿ ಸುಮಾರು 5,000 ಸ್ಥಾನಗಳು. ವಿಳಂಬಕ್ಕಾಗಿ 2022ರ ಡಿಸೆಂಬರಿನಲ್ಲಿ ಹೈಕೋರ್ಟ್ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಸ್ಥಾನಕ್ಕೆ ಬರೋಬ್ಬರಿ 100 ರೂಪಾಯಿ! ಹಳ್ಳಿಯ ಹರಾಜಿನಲ್ಲೂ ಇಷ್ಟು ಅಗ್ಗದ ದರಕ್ಕೆ ಯಾರೂ ಸವಾಲು ಕೂಗಿರಲಾರರು.

5,000 ಕುರ್ಚಿ, ತಲಾ ನಾಲ್ಕು ವರ್ಷ. ಗುಣಿಸಿದರೆ 20,000 ವರ್ಷಗಳ ಜನಪ್ರಾತಿನಿಧ್ಯ ಖಾಲಿ. ತಮಿಳುನಾಡಿನ ಉತ್ತಿರಮೇರೂರಿನ ಚೋಳರ ಶಾಸನ, ಊರ ಸಮಿತಿಗೆ ತಾಳೆಗರಿಯ ಚೀಟಿಗಳನ್ನು ಮಡಕೆಗೆ ಹಾಕಿ ಎತ್ತಿಸಿ ಆರಿಸುವ ಕ್ರಮವನ್ನೂ, ಲೆಕ್ಕ ಒಪ್ಪಿಸದವನೂ ಅವನ ನೆಂಟರೂ ನಿಲ್ಲಕೂಡದೆಂಬ ನಿಯಮವನ್ನೂ ಕೊರೆದಿಟ್ಟದ್ದು 1,100 ವರ್ಷಗಳ ಹಿಂದೆ. ಇಪ್ಪತ್ತು ಸಾವಿರ ವರ್ಷ ಹಿಂದಕ್ಕೆ ಹೋದರೆ ಚೋಳರಿಲ್ಲ, ಮಡಕೆಯಲ್ಲಿ ಹಾಕಲು ಅಕ್ಷರವೇ ಇಲ್ಲ. ಭೂಮಿಯ ಉತ್ತರ ಭಾಗದ ದೊಡ್ಡ ಪಾಲು ಹಿಮದಡಿ ಮುಚ್ಚಿಹೋಗಿತ್ತು.

ಯಾದಗಿರಿ ಜಿಲ್ಲಾ ಪಂಚಾಯತಿಯ 24 ಸ್ಥಾನಗಳೂ ಆ ಖಾಲಿ ಪಟ್ಟಿಗೆ ಸೇರಿದವು. 2016ರ ಆ ಮತದಾನದ ಮರುದಿನ ಹದಿನೆಂಟು ತುಂಬಿದ ಸುರಪುರದ ಹುಡುಗಿಗೆ 2025ರ ಫೆಬ್ರುವರಿಗೆ 27 ವರ್ಷ. ಆ ಹೊತ್ತಿಗೆ ಆಕೆ ಜಿಲ್ಲಾ ಪಂಚಾಯತಿಗೆ ಹಾಕಿದ ಮತಗಳ ಸಂಖ್ಯೆ ಸೊನ್ನೆ.