ಪುಕ್ಕಟೆ ಜಾಲತಾಣ ತಂತ್ರಾಂಶ ಜನಪ್ರಿಯವಾದದ್ದೇಕೆ?

ಸದಸ್ಯ ಬಾಂಧವರೇ,

ನಮ್ಮ ಸಂಘದ ಜಾಲತಾಣದಲ್ಲಿ ಕಳೆದ ಸಾಲಿನ ಅಡಿಕೆ ಧಾರಣೆಯೇ ಇನ್ನೂ ಕಾಣುತ್ತಿದೆಯೆಂದು ಹಲವರು ಆಕ್ಷೇಪಿಸಿದ್ದೀರಿ. ಆಕ್ಷೇಪ ನ್ಯಾಯವಾದದ್ದೇ. ತಾಣವನ್ನು ರಚಿಸಿಕೊಟ್ಟವರು ತಮ್ಮದೇ ತಂತ್ರಾಂಶ ಬಳಸಿದ್ದರು. ಒಂದು ಅಂಕಿ ತಿದ್ದಬೇಕಾದರೂ ಅವರೇ ಬರಬೇಕು. ಅವರು ಆ ಉದ್ಯೋಗವನ್ನೇ ಬಿಟ್ಟ ಮೇಲೆ ಬೀಗ ನಮ್ಮದು, ಕೀಲಿಕೈ ಅವರದು ಎಂಬಂತಾಯಿತು. ಆದುದರಿಂದ ವರ್ಡ್‌ಪ್ರೆಸ್ ಎಂಬ ಪುಕ್ಕಟೆ ತಂತ್ರಾಂಶಕ್ಕೆ ಬದಲಾಯಿಸುವ ವಿಚಾರ ಆಡಳಿತ ಮಂಡಳಿಯ ಮುಂದಿದೆ. "ಪುಕ್ಕಟೆ ಸಿಕ್ಕಿದ್ದು ಎಷ್ಟು ದಿನ ಬಾಳೀತು?" ಎಂದು ಕೆಲವರು ಕೇಳಿದ್ದಾರೆ. ಅವರಿಗೆ ಉತ್ತರಿಸುವುದು ನನ್ನ ಕರ್ತವ್ಯ.

ಇಂಥ ತಂತ್ರಾಂಶದಲ್ಲಿ ಬರಹ ಬೇರೆ, ಪುಟದ ವಿನ್ಯಾಸ ಬೇರೆ. ನಮ್ಮ ಗುಮಾಸ್ತರು ಅಂದಿನ ಧಾರಣೆಯನ್ನು ಟೈಪ್ ಮಾಡಿ ಗುಂಡಿ ಒತ್ತಿದರೆ ಸಾಕು, ಉಳಿದುದನ್ನು ತಂತ್ರಾಂಶವೇ ಜೋಡಿಸುತ್ತದೆ. ಇದಕ್ಕೆ ಆಧಾರವಾದ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಸಹ ಪುಕ್ಕಟೆ ದೊರೆಯುವುದರಿಂದ ಕಡಿಮೆ ಬಾಡಿಗೆಯ ಸರ್ವರ್‌ಗಳಲ್ಲೂ ಇದು ನಡೆಯುತ್ತದೆ.

ಆದರೆ ಮುಖ್ಯ ಕಾರಣ ಹಣದ ಉಳಿತಾಯವಲ್ಲ, ಹಕ್ಕು. ಇದಕ್ಕೆ ವರ್ಡ್‌ಪ್ರೆಸ್ಸಿನ ಹುಟ್ಟೇ ಸಾಕ್ಷಿ. ಫ್ರಾನ್ಸಿನ ಮಿಷೆಲ್ ವಾಲ್ಡ್ರಿಗಿ 'ಬಿ2' ಎಂಬ ತಂತ್ರಾಂಶ ರಚಿಸಿದ್ದರು. 2003ರ ಹೊತ್ತಿಗೆ ಅದರ ಕೆಲಸ ನಿಂತುಹೋಯಿತು. ಆದರೆ ಅದು ಜಿಪಿಎಲ್ ಪರವಾನಗಿಯಲ್ಲಿತ್ತು. ಈ ಪರವಾನಗಿಯ ಪ್ರಕಾರ ಯಾರು ಬೇಕಾದರೂ ತಂತ್ರಾಂಶವನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವರು ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು. ಹೀಗಾಗಿ ಅಮೆರಿಕದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟ್ಲ್ ಅದನ್ನೇ ಮುಂದುವರಿಸಿ, 2003ರ ಮೇ 27ರಂದು ವರ್ಡ್‌ಪ್ರೆಸ್ ಎಂಬ ಹೆಸರಿನಲ್ಲಿ ಹೊರತಂದರು. ಮರುವರ್ಷ ಮೂವಬಲ್ ಟೈಪ್ ಎಂಬ ಪ್ರಸಿದ್ಧ ತಂತ್ರಾಂಶದ ಪರವಾನಗಿ ಷರತ್ತು, ಶುಲ್ಕಗಳು ಬದಲಾದಾಗ ಅದರ ಬಳಕೆದಾರರಲ್ಲಿ ಅನೇಕರು ಇತ್ತ ಬಂದರು. ಬಳಸುವವರು ಹೆಚ್ಚಿದಂತೆ ವಿನ್ಯಾಸ ಮಾಡುವವರೂ ದುರಸ್ತಿ ಬಲ್ಲವರೂ ಹೆಚ್ಚಿದರು. ಇಂದು ಜಗತ್ತಿನ ಪ್ರತಿ ಐದು ಜಾಲತಾಣಗಳಲ್ಲಿ ಸುಮಾರು ಎರಡು ವರ್ಡ್‌ಪ್ರೆಸ್ಸಿನವು.

ಹಾಗೆಂದು ಖರ್ಚೇ ಇಲ್ಲವೆಂದು ತಿಳಿಯಬಾರದು. ತಾಣದ ಹೆಸರಿಗೂ ಸರ್ವರ್‌ಗೂ ವರ್ಷಾವರ್ಷ ಹಣ ಕಟ್ಟಬೇಕು. ಹೊಸ ಆವೃತ್ತಿ ಬಂದಾಗ ತಪ್ಪದೆ ಅಳವಡಿಸಬೇಕು. ಪ್ಲಗಿನ್ ಎಂಬ ಹೆಚ್ಚುವರಿ ಸಲಕರಣೆಗಳನ್ನು ಹಳತಾಗಲು ಬಿಟ್ಟರೆ ಕಳ್ಳರು ನುಗ್ಗುವುದು ಅಲ್ಲಿಂದಲೇ. ಕೊಳೆರೋಗ ಬಂದ ಮೇಲೆ ಬೋರ್ಡೋ ಹೊಡೆದು ಪ್ರಯೋಜನವೇನು? ಪ್ರತಿಯೊಂದು ಕಡತದ ನಕಲು ಸಂಘದ ಕಛೇರಿಯಲ್ಲಿರಬೇಕು, ಗುಪ್ತಪದವೂ ಒಬ್ಬರ ಕೈಯಲ್ಲೇ ಉಳಿಯಬಾರದು.

ಮುಂದೆ ಯಾರೇ ಕೆಲಸ ಬಿಟ್ಟರೂ ಇನ್ನೊಬ್ಬರನ್ನು ಕರೆದು ಕೆಲಸ ಮುಂದುವರಿಸಬಹುದು ಎಂಬುದೇ ನನಗೆ ಕಂಡ ದೊಡ್ಡ ಲಾಭ. ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಸದಸ್ಯರು ತಪ್ಪದೆ ಹಾಜರಿದ್ದು ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇನೆ.

– ಕಾರ್ಯದರ್ಶಿ