ಬಲಶಾಲಿಗೂ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ

ಗೊರಕೆ ಹೊಡೆಯುತ್ತಿದ್ದಾರೆ ಎಂದರೆ ಗಾಢ ನಿದ್ದೆ ಬಂದಿದೆ ಎಂಬುದು ನಮ್ಮ ಮನೆಗಳಲ್ಲಿನ ನಂಬಿಕೆ. ಮದುವೆಮನೆಯ ಮೂಲೆಯಲ್ಲಿ ಮಲಗಿದ ದೊಡ್ಡಪ್ಪನ ಗೊರಕೆ ಕೇಳಿ ಮಕ್ಕಳು ಮುಸಿಮುಸಿ ನಗುತ್ತವೆ. ದೊಡ್ಡವರು ‘ಪಾಪ, ದಣಿದಿದ್ದಾರೆ, ಮಲಗಲಿ ಬಿಡಿ’ ಎನ್ನುತ್ತಾರೆ. ವೈದ್ಯನಾದ ನನಗೆ ಆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ಏಕೆಂದು ಹೇಳಲು ಇಂದು ನಿಮ್ಮನ್ನು ಸ್ವಲ್ಪ ದೂರ, ಅಮೆರಿಕದ ಆಟದ ಮೈದಾನಕ್ಕೆ ಕರೆದುಕೊಂಡು ಹೋಗಬೇಕಾಗಿದೆ.

ರೆಜ್ಜಿ ವೈಟ್ ಎಂಬ ಹೆಸರನ್ನು ನೀವು ಕೇಳಿರಲಾರಿರಿ. ಅಮೆರಿಕನ್ ಫುಟ್‌ಬಾಲ್ ನೋಡುವವರಿಗೆ ಮಾತ್ರ ಅದು ದೊಡ್ಡ ಹೆಸರು. ಈ ಆಟ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಚೆಂಡು ಎಸೆಯುವವನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಅವನ ಮುಂದೆ ಅವನ ಪಕ್ಷದ ಐವರು ದೈತ್ಯರು ಗೋಡೆಯಂತೆ ನಿಂತಿರುತ್ತಾರೆ. ಆ ಗೋಡೆಯನ್ನು ಒಡೆದು ನುಗ್ಗುವುದೇ ಎದುರು ಪಕ್ಷದ ಡಿಫೆನ್ಸಿವ್ ಲೈನ್‌ಮನ್ ಕೆಲಸ. ಚೆಂಡು ಕೈಬಿಡುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದರೆ ಅದಕ್ಕೆ ‘ಸ್ಯಾಕ್’ ಎಂದು ಹೆಸರು. ಇದಕ್ಕೆ ಸಿಗುವ ಸಮಯ ಮೂರು ಸೆಕೆಂಡಿನ ಆಸುಪಾಸು. ಇಷ್ಟು ತಿಳಿದಿದ್ದರೆ ಸಾಕು, ಉಳಿದ ನಿಯಮಗಳು ನನಗೂ ಪೂರ್ತಿ ಅರ್ಥವಾಗಿಲ್ಲ.

ವೈಟ್ ಹುಟ್ಟಿದ್ದು 1961ರಲ್ಲಿ, ಟೆನೆಸ್ಸಿ ರಾಜ್ಯದ ಚಟನೂಗಾದಲ್ಲಿ. ಹದಿಹರೆಯದಲ್ಲೇ ಕ್ರೈಸ್ತ ಧರ್ಮಬೋಧಕನ ದೀಕ್ಷೆ ಪಡೆದ ಈ ಹುಡುಗ ಮೈದಾನಕ್ಕಿಳಿದರೆ ಎದುರಾಳಿಗಳು ನಡುಗುತ್ತಿದ್ದರು. ಹಾಗಾಗಿ ‘ಮಿನಿಸ್ಟರ್ ಆಫ್ ಡಿಫೆನ್ಸ್’ ಎಂಬ ಅಡ್ಡಹೆಸರು ಬಂತು. ಪಾದ್ರಿಯೂ ಹೌದು, ರಕ್ಷಣಾ ಮಂತ್ರಿಯೂ ಹೌದು! ಎತ್ತರ ಆರು ಅಡಿ ಐದು ಅಂಗುಲ, ತೂಕ ಸುಮಾರು 135 ಕಿಲೋ. 1985ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಸೇರಿದ ಅವರು, ಮುಷ್ಕರದಿಂದ ಮೊಟಕಾದ 1987ರ ಋತುವಿನಲ್ಲಿ ಕೇವಲ 12 ಪಂದ್ಯಗಳಲ್ಲಿ 21 ಸ್ಯಾಕ್ ಗಳಿಸಿದರು. 1993ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ನಾಲ್ಕು ವರ್ಷಕ್ಕೆ 1 ಕೋಟಿ 70 ಲಕ್ಷ ಡಾಲರ್ ಕೊಟ್ಟು ಅವರನ್ನು ಕರೆಸಿಕೊಂಡಿತು. ಆ ತಂಡ 1997ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಾಗ ಆ ಒಂದೇ ಪಂದ್ಯದಲ್ಲಿ ಮೂರು ಬಾರಿ ಕ್ವಾರ್ಟರ್‌ಬ್ಯಾಕನ್ನು ಕೆಡವಿದವರು ಇವರೇ.

ಅವರ ಒಂದು ಪಟ್ಟು ಪ್ರಸಿದ್ಧ. ಹೊರಬದಿಯಿಂದ ಓಡಿ ಸುತ್ತಿಬರುವವರಂತೆ ನಟಿಸುವುದು, ಎದುರಾಳಿ ಅತ್ತ ವಾಲುತ್ತಲೇ ಅವನ ಕಂಕುಳಿಗೆ ಒಂದು ತೋಳು ಕೊಟ್ಟು ಪಕ್ಕಕ್ಕೆ ಎತ್ತಿ ಎಸೆಯುವುದು. ಹಾಗೆ ಎಸೆಯಲ್ಪಡುತ್ತಿದ್ದವರೂ ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಗುವವರೇ. 2000ದಲ್ಲಿ ಕೆರೊಲಿನಾ ತಂಡಕ್ಕೆ ಕೊನೆಯ ಋತು ಆಡಿ ನಿವೃತ್ತರಾದಾಗ ಅವರ ಲೆಕ್ಕದಲ್ಲಿ 198 ಸ್ಯಾಕ್‌ಗಳಿದ್ದವು. ಅಂದಿಗೆ ಅದು ದಾಖಲೆ.

ನಾಲ್ಕು ವರ್ಷ ಕಳೆಯಿತು. 2004ರ ಡಿಸೆಂಬರ್ 26, ಭಾನುವಾರ. ನಮಗೆಲ್ಲ ಅದು ಸುನಾಮಿಯ ದಿನ. ಅದೇ ದಿನ ಉತ್ತರ ಕೆರೊಲಿನಾದಲ್ಲಿ ರೆಜ್ಜಿ ವೈಟ್ ತೀರಿಕೊಂಡರು. ವಯಸ್ಸು 43. ಇದನ್ನು ಬರೆಯುತ್ತಿರುವ ನನ್ನ ವಯಸ್ಸಿನ ಆಸುಪಾಸು.

ಹೃದಯದ ಲಯ ತಪ್ಪಿದ್ದು ಸಾವಿನ ಕಾರಣ. ಅದರ ಹಿಂದೆ ಹೃದಯ ಮತ್ತು ಶ್ವಾಸಕೋಶಗಳಲ್ಲಿ ಸಾರ್ಕಾಯ್ಡೋಸಿಸ್ ಎಂಬ ರೋಗವಿತ್ತು. ಅಂಗಾಂಶಗಳಲ್ಲಿ ಸಣ್ಣ ಸಣ್ಣ ಗಂಟುಗಳು ಕಟ್ಟುವ ಕಾಯಿಲೆ ಇದು. ನಮ್ಮಲ್ಲಿ ಎಕ್ಸ್‌ರೇ ನೋಡಿ ಇದನ್ನು ಕ್ಷಯವೆಂದು ತಪ್ಪು ತಿಳಿಯುವುದುಂಟು. ಗಂಟುಗಳು ಹೃದಯದ ವಿದ್ಯುತ್ ಸಂಚಾರದ ದಾರಿಯಲ್ಲಿ ಕುಳಿತರೆ ಬಡಿತದ ತಾಳ ಕೆಡುತ್ತದೆ. ಇದರೊಂದಿಗೆ ವೈಟ್ ಅವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಅಂದರೆ ಸ್ಲೀಪ್ ಆಪ್ನಿಯಾ ಇತ್ತು. ಅದೂ ಸಾವಿಗೆ ಕೈಜೋಡಿಸಿರಬಹುದು ಎಂದು ಅಂದಿನ ವೈದ್ಯಾಧಿಕಾರಿಗಳು ಹೇಳಿದರು. ‘ಕಾರಣ ಅದೇ’ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಸಾರ್ಕಾಯ್ಡೋಸಿಸ್ ಅಪರೂಪ, ಆಪ್ನಿಯಾ ನಿಮ್ಮ ಬೀದಿಯಲ್ಲೇ ಇದೆ. ಪತ್ನಿ ಸಾರಾ ವೈಟ್ ಮುಂದೆ ನಿದ್ರಾದೋಷಗಳ ಬಗ್ಗೆ ಜನಜಾಗೃತಿಯ ಕೆಲಸಕ್ಕೆ ಇಳಿದರು.

ದಪ್ಪ ಕತ್ತಿನ ಬೆಲೆ

ಹಗಲೆಲ್ಲ ವ್ಯಾಯಾಮ ಮಾಡುವ ಆಟಗಾರನಿಗೆ ಇದು ಹೇಗೆ ಬಂತು ಎಂದು ನೀವು ಕೇಳಬಹುದು. ಗಂಟಲು ಎಂಬುದು ಮೂಳೆಯ ಆಸರೆ ಇಲ್ಲದ ಮೆತ್ತಗಿನ ಕೊಳವೆ. ಎಚ್ಚರವಿರುವಾಗ ಸ್ನಾಯುಗಳು ಅದನ್ನು ಬಿಗಿಯಾಗಿ ತೆರೆದಿಡುತ್ತವೆ. ನಿದ್ದೆ ಹತ್ತಿದಾಗ ಅವು ಸಡಿಲವಾಗುತ್ತವೆ, ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಅಂಗುಳು ಅದುರುವ ಸದ್ದೇ ಗೊರಕೆ. ಕತ್ತಿನ ಸುತ್ತ ಮಾಂಸವೋ ಕೊಬ್ಬೋ ಹೆಚ್ಚಿದ್ದರೆ ಆ ದಾರಿ ಪೂರ್ತಿ ಮುಚ್ಚಿಯೇ ಹೋಗುತ್ತದೆ. ಎದೆ ಎಳೆದೆಳೆದು ಗುದ್ದಾಡುತ್ತದೆ, ಗಾಳಿ ಒಳಬಾರದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ‘ಘಕ್’ ಎಂದು ಉಸಿರು ಬರುತ್ತದೆ, ಮತ್ತೆ ನಿದ್ದೆ. ಬೆಳಿಗ್ಗೆ ಮಲಗಿದವರಿಗೆ ಇದು ಯಾವುದೂ ನೆನಪಿರುವುದಿಲ್ಲ.

ಹತ್ತು ಸೆಕೆಂಡು ಅಥವಾ ಹೆಚ್ಚು ಕಾಲ ಹೀಗೆ ಉಸಿರು ನಿಲ್ಲುವುದನ್ನು ವೈದ್ಯರು ಎಣಿಸುತ್ತಾರೆ. ಗಂಟೆಗೆ ಐದಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. ಮೂವತ್ತು ಮುಟ್ಟಿದರೆ ತೀವ್ರ. ಏಳು ಗಂಟೆಯ ನಿದ್ದೆಯಲ್ಲಿ ಅದು ಇನ್ನೂರು ಮೀರುತ್ತದೆ. ಪ್ರತಿ ಸಲವೂ ರಕ್ತದೊತ್ತಡ ಚಿಮ್ಮುತ್ತದೆ, ಹೃದಯ ಬೆಚ್ಚುತ್ತದೆ. ವರ್ಷಗಟ್ಟಲೆ ಹೀಗಾದರೆ ಹಗಲಿನಲ್ಲೂ ಇಳಿಯದ ರಕ್ತದೊತ್ತಡ, ಹೃದಯದ ಲಯದೋಷ, ಪಾರ್ಶ್ವವಾಯು ಹತ್ತಿರ ಬರುತ್ತವೆ.

2003ರಲ್ಲಿ, ವೈಟ್ ಬದುಕಿದ್ದಾಗಲೇ, ಅಮೆರಿಕದ ವೃತ್ತಿಪರ ಫುಟ್‌ಬಾಲ್ ಆಟಗಾರರ ನಿದ್ದೆಯನ್ನು ಪರೀಕ್ಷಿಸಿದ ವರದಿಯೊಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ದೊಡ್ಡ ಮೈಕಟ್ಟು, ದಪ್ಪ ಕತ್ತು ಮುಂತಾದ ಲಕ್ಷಣಗಳಿದ್ದ ಗುಂಪಿನಲ್ಲಿ ಶೇಕಡಾ 34 ಮಂದಿಗೆ ಈ ತೊಂದರೆ ಕಂಡುಬಂತು. ಮೂವರಲ್ಲಿ ಒಬ್ಬ! ಅಲ್ಲಿನ ಸರ್ಕಾರಿ ಸಂಶೋಧಕರು ನಿವೃತ್ತ ಆಟಗಾರರ ಬಗ್ಗೆ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲಕರ. ಒಟ್ಟಾರೆ ಆಟಗಾರರು ಸಾಮಾನ್ಯ ಗಂಡಸರಿಗಿಂತ ಹೆಚ್ಚು ಕಾಲ ಬದುಕಿದ್ದರು. ಆದರೆ ಡಿಫೆನ್ಸಿವ್ ಲೈನ್‌ಮನ್‌ಗಳು ಹೃದ್ರೋಗದಿಂದ ಸಾಯುವ ಸಂಭವ ಸಾಮಾನ್ಯರಿಗಿಂತ ಶೇಕಡಾ 42ರಷ್ಟು ಹೆಚ್ಚಾಗಿತ್ತು. ಎದುರಿಗಿನ ಗೋಡೆ ಒಡೆಯಲು ಬೆಳೆಸಿದ ಮೈಯೇ ಮನೆಗೆ ಮರಳಿದ ಮೇಲೆ ಹೃದಯಕ್ಕೆ ಹೊರೆಯಾಯಿತು.

ನನ್ನಿಂದಾದ ತಪ್ಪು

ನಾನು ವೃತ್ತಿಗೆ ಬಂದ ಹೊಸತರಲ್ಲಿ ಒಬ್ಬ ಶಾಲಾ ಮಾಸ್ತರರು ಬರುತ್ತಿದ್ದರು. ದೈತ್ಯರೇನಲ್ಲ. ಸ್ವಲ್ಪ ಹೊಟ್ಟೆ, ಗಿಡ್ಡ ಕತ್ತು, ಅಷ್ಟೆ. ಬೆಳಿಗ್ಗೆ ತಲೆನೋವು, ತರಗತಿಯಲ್ಲೇ ತೂಕಡಿಕೆ, ಎರಡು ಮಾತ್ರೆಗೂ ಬಗ್ಗದ ರಕ್ತದೊತ್ತಡ. ‘ನಿದ್ದೆ ಸಾಲುತ್ತಿಲ್ಲ ಡಾಕ್ಟ್ರೇ’ ಎಂದರು. ನಾನು ನಿದ್ದೆಮಾತ್ರೆ ಬರೆದುಕೊಟ್ಟೆ. ಎರಡು ವಾರ ಕಳೆದು ಅವರ ಹೆಂಡತಿ ಒಬ್ಬರೇ ಬಂದರು. ‘ರಾತ್ರಿ ಇವರ ಉಸಿರು ನಿಂತುಹೋಗುತ್ತೆ. ನಾನು ಭುಜ ತಟ್ಟಿ ಏಳಿಸ್ತಿದ್ದೆ. ಆ ಮಾತ್ರೆ ಶುರುವಾದ ಮೇಲೆ ತಟ್ಟಿದರೂ ಏಳ್ತಿಲ್ಲ’ ಎಂದು ಕಣ್ಣೀರು ಹಾಕಿದರು. ನನಗೆ ಕೈಕಾಲು ತಣ್ಣಗಾಯಿತು. ನಿದ್ದೆಮಾತ್ರೆಯೂ ಮದ್ಯವೂ ಗಂಟಲಿನ ಸ್ನಾಯುಗಳನ್ನು ಮತ್ತಷ್ಟು ಸಡಿಲಗೊಳಿಸುತ್ತವೆ, ಎಚ್ಚರಗೊಳ್ಳುವ ಶಕ್ತಿಯನ್ನೂ ಕುಗ್ಗಿಸುತ್ತವೆ. ಪುಸ್ತಕದಲ್ಲಿ ಓದಿದ್ದೆ, ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ. ಅಂದೇ ಮಾತ್ರೆ ನಿಲ್ಲಿಸಿ ಅವರನ್ನು ಪರೀಕ್ಷೆಗೆ ಕಳುಹಿಸಿದೆ.

ಈ ಪರೀಕ್ಷೆಗೆ ಹೆದರಬೇಕಿಲ್ಲ. ಒಂದು ರಾತ್ರಿ ಮೈಗೆ ಕೆಲವು ತಂತಿ, ಬೆರಳಿಗೊಂದು ಚಿಮುಟ ಸಿಕ್ಕಿಸಿಕೊಂಡು ಮಲಗುವುದು. ಈಗ ಹಲವರಿಗೆ ಮನೆಯಲ್ಲೇ ಮಾಡಬಹುದು. ತೊಂದರೆ ಖಚಿತವಾದರೆ ಸಿಪ್ಯಾಪ್ ಎಂಬ ಸಣ್ಣ ಯಂತ್ರವಿದೆ. ಮೂಗಿಗೆ ಕಟ್ಟಿಕೊಂಡ ಮುಖವಾಡದ ಮೂಲಕ ಹಗುರ ಒತ್ತಡದ ಗಾಳಿ ಊದಿ, ಗಂಟಲು ಮುಚ್ಚದಂತೆ ಅದು ಹಿಡಿದಿಡುತ್ತದೆ. ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಎಂಬ ವೈದ್ಯರು 1981ರಲ್ಲಿ ಐವರು ರೋಗಿಗಳ ಮೇಲೆ ಇದರ ಪ್ರಯೋಗವನ್ನು ವರದಿ ಮಾಡಿದರು. ಬೆಲೆ ಕಡಿಮೆಯಿಲ್ಲ. ಮೊದಲ ಕೆಲವು ರಾತ್ರಿ ಹಿಂಸೆ ಎನಿಸುವುದೂ ನಿಜ, ಅದಕ್ಕೇ ಅನೇಕರು ಅಟ್ಟಕ್ಕೆ ಎಸೆದುಬಿಡುತ್ತಾರೆ. ಒಂದು ತಿಂಗಳು ತಾಳಿಕೊಳ್ಳಿ ಎಂದು ನಾನು ಬೇಡಿಕೊಳ್ಳುತ್ತೇನೆ.

ತೂಕ ಇಳಿದರೆ ಉಸಿರು ಕಟ್ಟುವುದೂ ತಗ್ಗುತ್ತದೆ. ಬೊಜ್ಜಿನೊಂದಿಗೆ ಈ ತೊಂದರೆ ಇರುವವರಿಗೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದನ್ನು 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದ್ದಾರೆ. ಅದನ್ನು ವೈದ್ಯರ ಸಲಹೆಯಿಲ್ಲದೆ ಮುಟ್ಟಬೇಡಿ. ಮಗ್ಗುಲಾಗಿ ಮಲಗುವುದು ಕೆಲವರಿಗೆ ಹಿತ. ಹೆಂಗಸರಿಗೆ ಇದು ಬರುವುದಿಲ್ಲ ಎಂದುಕೊಳ್ಳಬೇಡಿ, ಮುಟ್ಟು ನಿಂತ ಮೇಲೆ ಹೆಚ್ಚುತ್ತದೆ. ಸಂಕೋಚದಿಂದ ಅವರು ಹೇಳುವುದಿಲ್ಲ, ಗಂಡಂದಿರು ಗಮನಿಸುವುದಿಲ್ಲ. ಹಗಲು ವಾಹನ ಓಡಿಸುವಾಗ ಕಣ್ಣೆಳೆಯುವವರಂತೂ ವಾರ ಕಾಯದೆ ಹೋಗಿ ತೋರಿಸಿಕೊಳ್ಳಿ.

ವೈದ್ಯರ ಬಳಿ ಹೋಗುವಾಗ ನಿಮ್ಮ ಪಕ್ಕದಲ್ಲಿ ಮಲಗುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ರೋಗಿಗೆ ಗೊತ್ತಿಲ್ಲದ ವಿಷಯ ಅವರಿಗೆ ಗೊತ್ತಿರುತ್ತದೆ. ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿ ತಂದರಂತೂ ಅರ್ಧ ಕೆಲಸ ಆದಂತೆ.

ಮಾಸ್ತರರು ಈಗ ನಿವೃತ್ತರು, ರಕ್ತದೊತ್ತಡಕ್ಕೆ ಒಂದೇ ಮಾತ್ರೆ. ಮಗಳ ಊರಿಗೆ ಹೋಗುವಾಗ ಬಟ್ಟೆ ಚೀಲದ ಜೊತೆ ಯಂತ್ರದ ಚೀಲವೂ ಹೊರಡುತ್ತದೆ. ರಾತ್ರಿ ಮುಖವಾಡ ಹಾಕಿದ ತಾತನನ್ನು ನೋಡಿ ಮೊಮ್ಮಗ, ತಾತ ವಿಮಾನ ಓಡಿಸ್ತಾರೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾನಂತೆ.